ಈ ವಾರ ಯಾರ ಸರದಿ?

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ದಿನಕ್ಕೊಂದು ಅಧ್ಯಾಯ, ಆದಿಕಾಂಡದಿಂದ ಶುರುಮಾಡಿ ಸಾಲಾಗಿ. ಹೆಸರುಗಳೇ ತುಂಬಿದ ಅಧ್ಯಾಯ ಬಂದರೆ ಅಪ್ಪ ಬೈಬಲ್ ನನ್ನ ಕಡೆ ತಳ್ಳುತ್ತಿದ್ದರು, ನಾಲಿಗೆ ತಿರುಗಲಿ ಅಂತ. ಒಂದನೇ ಪೂರ್ವಕಾಲವೃತ್ತಾಂತದ 24ನೇ ಅಧ್ಯಾಯ ನನ್ನ ಪಾಲಿಗೆ ಬಂದದ್ದು ಹೀಗೆ. ಮೊದಲನೆಯ ಚೀಟು ಯೆಹೋಯಾರೀಬನಿಗೆ, ಎರಡನೆಯದು ಯೆದಾಯನಿಗೆ, ಮೂರನೆಯದು ಹಾರಿಮನಿಗೆ. ಹೇಗೋ ಓದುತ್ತಾ ಹೋದೆ. 18ನೆಯ ಹಪ್ಪಿಚ್ಚೇಚನ ಹತ್ತಿರ ಬಂದಾಗ ತಮ್ಮ ಕಿಸಕ್ಕನೆ ನಕ್ಕ. ಅಪ್ಪನಿಂದ ಅವನಿಗೊಂದು ಏಟು ಬಿತ್ತು. ಆ ಏಟಿನಿಂದಲೇ ಆ ಅಧ್ಯಾಯ ನನಗೆ ನೆನಪಲ್ಲಿ ಉಳಿದದ್ದು.

ಆಮೇಲೆ ನಾನು ನರ್ಸಿಂಗ್ ಓದಿದೆ, ಕೆಲಸಕ್ಕೆ ಸೇರಿದೆ, 30 ಚಿಲ್ಲರೆ ವರ್ಷ ಅದರಲ್ಲೇ ಕಳೆದೆ. ಕೊನೆಯ 11 ವರ್ಷ ವಾರ್ಡ್ ಇನ್‌ಚಾರ್ಜ್. ಇನ್‌ಚಾರ್ಜ್ ಅಂದರೆ ಡ್ಯೂಟಿ ಚಾರ್ಟ್ ಬರೆಯುವವಳು, ಬರೆದದ್ದಕ್ಕೆ ಬೈಸಿಕೊಳ್ಳುವವಳು. ಹಬ್ಬಕ್ಕೆ ಯಾರಿಗೆ ಆಫ್, ಯಾರಿಗೆ ಸತತ ನಾಲ್ಕು ನೈಟ್, ಯಾರ ಮಗುವಿಗೆ ಪರೀಕ್ಷೆ, ಎಲ್ಲವೂ ತಲೆಯಲ್ಲಿರಬೇಕು. ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಸುಮ್ನೆ ಬೈಬಲ್ ತಿರುವುತ್ತಿದ್ದಾಗ ಅದೇ ಅಧ್ಯಾಯ ಸಿಕ್ಕಿತು. ಎರಡು ಸಾಲು ಓದಿ ನಗು ಬಂತು. ಅಪ್ಪ ಅಷ್ಟು ಭಕ್ತಿಯಿಂದ ಓದಿಸಿದ್ದು ಏನು ಅಂತ 50 ವರ್ಷದ ನಂತರ ಗೊತ್ತಾಯಿತು. ಅದೊಂದು ಡ್ಯೂಟಿ ಚಾರ್ಟ್!

ಇಸ್ರಾಯೇಲರಲ್ಲಿ ಯಾಜಕನಾಗಲು, ಅಂದರೆ ದೇವಾಲಯದಲ್ಲಿ ಬಲಿ ಅರ್ಪಿಸುವ ಪೂಜಾರಿಯಾಗಲು, ಓದಬೇಕಿಲ್ಲ, ಪರೀಕ್ಷೆ ಇಲ್ಲ. ಮೋಶೆಯ ಅಣ್ಣ ಆರೋನನ ವಂಶದಲ್ಲಿ ಗಂಡಾಗಿ ಹುಟ್ಟಬೇಕು, ಅಷ್ಟೇ. ಬೇಡ ಅಂದರೂ ಬಿಡುವಂತಿಲ್ಲ, ಬೇಕು ಅಂದರೂ ಹೊರಗಿನವರಿಗೆ ಸಿಗುವುದಿಲ್ಲ. ಆರೋನನಿಗೆ ನಾಲ್ಕು ಗಂಡುಮಕ್ಕಳು. ಅವರಲ್ಲಿ ನಾದಾಬ್, ಅಬೀಹೂ ಇಬ್ಬರೂ ಅಪ್ಪ ಬದುಕಿರುವಾಗಲೇ ಸತ್ತರು, ಮಕ್ಕಳಿರಲಿಲ್ಲ. ಉಳಿದದ್ದು ಎಲ್ಲಾಜಾರ ಮತ್ತು ಈತಾಮಾರರ ಸಂತತಿ. ಒಂದು ವಂಶ, ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತಲೇ ಹೋಯಿತು. ಆದರೆ ದೇವಾಲಯ ಒಂದೇ, ಯಜ್ಞವೇದಿ ಒಂದೇ. ನಮ್ಮಲ್ಲಿ ಕೆಲಸ ಜಾಸ್ತಿ, ಕೈ ಕಡಿಮೆ ಅನ್ನುವುದು ಗೋಳು. ಅವರದು ತಿರುಗಾಮುರುಗಾ. ಕೈ ಸಾವಿರಾರು, ಎಲ್ಲರಿಗೂ ಹಕ್ಕು, ಕೆಲಸ ಇಷ್ಟೇ.

ಅದಕ್ಕೆ ಅವರು ಕಂಡುಕೊಂಡ ದಾರಿ 24 ವರ್ಗ. ಎಲ್ಲಾಜಾರನ ಕಡೆ ಮನೆತನಗಳ ಯಜಮಾನರು ಹೆಚ್ಚಿದ್ದರಿಂದ ಆ ಕಡೆಗೆ 16, ಈತಾಮಾರನ ಕಡೆಗೆ 8. ಇಲ್ಲಿಯ ತನಕ ತಲೆ ಲೆಕ್ಕ, ಸರಿ. ಆದರೆ ಯಾರು ಮೊದಲು, ಯಾರು ಕೊನೆ? ಅದನ್ನು ಹಿರಿತನಕ್ಕೆ ಬಿಡಲಿಲ್ಲ, ಚೀಟಿಗೆ ಬಿಟ್ಟರು. ಶೆಮಾಯ ಅನ್ನುವ ಒಬ್ಬ ಲೇವಿಯ (ಯಾಜಕರಿಗೆ ಸಹಾಯಕ್ಕಿದ್ದ ಕುಲದವನು) ಬರಹಗಾರ ಅರಸ ದಾವೀದನ ಮುಂದೆ, ಯಾಜಕ ಚಾದೋಕನ ಮುಂದೆ, ಅಹೀಮೆಲೆಕನ ಮುಂದೆ, ಮನೆತನಗಳ ಹಿರಿಯರೆಲ್ಲರ ಮುಂದೆ ಕೂತು ಒಂದೊಂದಾಗಿ ಬರೆದುಕೊಂಡನಂತೆ. ಈ ಶೆಮಾಯನ ಮೇಲೆ ನನಗೆ ಒಂಥರಾ ಗೌರವ. ನಾನು ಚಾರ್ಟನ್ನು ರೂಮಿನ ಬಾಗಿಲು ಹಾಕಿಕೊಂಡು ಬರೆದು, ಡ್ಯೂಟಿ ಮುಗಿಯುವ ಹೊತ್ತಿಗೆ ಗೋಡೆಗೆ ಅಂಟಿಸಿ, ಬಸ್ ಹಿಡಿದುಬಿಡುತ್ತಿದ್ದೆ.

ಒಂದು ವರ್ಗಕ್ಕೆ ಒಂದು ವಾರ, ಸಬ್ಬತ್ತಿನಿಂದ ಸಬ್ಬತ್ತಿಗೆ, ಅಂದರೆ ಅವರ ವಿಶ್ರಾಂತಿ ದಿನವಾದ ಶನಿವಾರದಿಂದ ಶನಿವಾರಕ್ಕೆ. ಎರಡು ಸುತ್ತಿಗೆ 48 ವಾರ ಆಯಿತು. ಪಸ್ಕ, ಪಂಚಾಶತ್ತಮ, ಪರ್ಣಶಾಲೆ ಈ ಮೂರು ದೊಡ್ಡ ಹಬ್ಬಗಳಿಗೆ ಊರಿಗೆ ಊರೇ ಯೆರೂಸಲೇಮಿಗೆ ಬರುತ್ತಿತ್ತು, ಆಗ ಮಾತ್ರ 24 ವರ್ಗದವರಿಗೂ ಪಾಲು. ಹಬ್ಬಕ್ಕೆ ಯಾರಿಗೂ ಆಫ್ ಇಲ್ಲ! ಇದನ್ನು ನಮ್ಮ ವಾರ್ಡಿನಲ್ಲಿ ಹೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಇದೆಲ್ಲ ನಿಜವಾಗಿ ದಾವೀದನ ಕಾಲದ್ದೇ? ಪೂರ್ವಕಾಲವೃತ್ತಾಂತ ಹಾಗೆ ಹೇಳುತ್ತದೆ. ಆದರೆ ಆ ಪುಸ್ತಕ ಬರೆದದ್ದು ಬಾಬೆಲಿನ ಸೆರೆಯಿಂದ ಜನ ವಾಪಸ್ ಬಂದ ಮೇಲೆ, ದಾವೀದನಿಗೂ ಅದಕ್ಕೂ ನಡುವೆ ಶತಮಾನಗಳೇ ಕಳೆದಿದ್ದವು. ಎಜ್ರನ ಪುಸ್ತಕ ನೋಡಿದರೆ, ಮೊದಲು ವಾಪಸ್ ಬಂದ ಯಾಜಕ ಮನೆತನಗಳು ನಾಲ್ಕೇ. ಯೆದಾಯನವರು 973, ಇಮ್ಮೇರನವರು 1,052, ಪಷ್ಹೂರನವರು 1,247, ಹಾರಿಮನವರು 1,017. ಆ ನಾಲ್ಕನ್ನೇ ಮತ್ತೆ ಒಡೆದು, ಚೀಟಿ ಹಾಕಿ, 24 ಮಾಡಿದರು ಅಂತ ಯೆಹೂದಿ ಗುರುಗಳ ಪರಂಪರೆಯೇ ಹೇಳುತ್ತದೆ. ಹೊಸ ಚಾರ್ಟಿಗೆ ಹಳೇ ಅರಸನ ಹೆಸರು ಸೇರಿರಬೇಕು ಅಂತ ನನಗನ್ನಿಸುತ್ತದೆ. ಆಫೀಸುಗಳಲ್ಲೂ ನೋಡಿದ್ದೇವಲ್ಲ, "ಇದು ಮೊದಲಿಂದಲೂ ಹೀಗೇ" ಅಂದುಬಿಟ್ಟರೆ ಜಗಳ ಅರ್ಧ ಮುಗಿಯುತ್ತದೆ.

ಎಜ್ರನ ಆ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ವಾಪಸ್ ಬಂದವರು ಒಟ್ಟು 42,360. ಅದರಲ್ಲಿ ಯಾಜಕರು 4,289, ಅಂದರೆ ಹತ್ತರಲ್ಲಿ ಒಬ್ಬ. ಅವರಿಗೆ ಕೈಕೆಲಸಕ್ಕೆ ನಿಲ್ಲಬೇಕಾದ ಲೇವಿಯರು? 74 ಜನ. ಹಾಡುವವರು 128, ಬಾಗಿಲು ಕಾಯುವವರು 139 ಬೇರೆ ಇದ್ದರು ಅನ್ನಿ. ಎಷ್ಟೋ ವರ್ಷದ ನಂತರ ಎಜ್ರ ತಾನೇ ಒಂದು ಗುಂಪು ಕಟ್ಟಿಕೊಂಡು ಹೊರಟಾಗ ಮೂರು ದಿನ ಹೊಳೆ ದಂಡೆಯಲ್ಲಿ ಬಿಡಾರ ಹಾಕಿ ನೋಡುತ್ತಾನೆ, ಒಬ್ಬ ಲೇವಿಯನೂ ಇಲ್ಲ. ಹೇಳಿಕಳಿಸಿ ಕರೆಸಿದ ಮೇಲೆ ಬಂದವರು 38. ಡಾಕ್ಟರುಗಳು ರೌಂಡ್ಸಿಗೆ ಹಿಂಡುಹಿಂಡಾಗಿ ಬಂದು ನಿಂತಾಗ ಸ್ಟ್ರೆಚರ್ ತಳ್ಳಲು ಒಬ್ಬನೇ ಅಟೆಂಡರ್ ಇದ್ದ ದಿನಗಳು ನನಗೆ ನೆನಪಾದವು.

ದಾಖಲೆ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದೂ ಅಲ್ಲೇ ಇದೆ. ಹಕ್ಕೋಚನ ಮನೆಯವರು ಬಂದರು, ವಂಶಾವಳಿಯ ಪಟ್ಟಿಯಲ್ಲಿ ಹುಡುಕಿದರು, ಸಿಗಲಿಲ್ಲ. ಅವರನ್ನು ಯಾಜಕತ್ವದಿಂದ ಹೊರಗಿಟ್ಟರು, ಅತಿ ಪರಿಶುದ್ಧ ಊಟದಲ್ಲಿ ಪಾಲಿಲ್ಲ ಅಂದರು. ಆದರೆ 24ರ ಪಟ್ಟಿಯಲ್ಲಿ ಏಳನೆಯ ಹೆಸರು ಹಕ್ಕೋಚನದೇ. ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದವರಲ್ಲಿ ಹಕ್ಕೋಚನ ಮೊಮ್ಮಗ ಮೆರೇಮೋತ ಇದ್ದಾನೆ. ಊರೀಯನ ಮಗ ಮೆರೇಮೋತ ಅನ್ನುವ ಯಾಜಕ ದೇವಾಲಯದ ಬೆಳ್ಳಿಬಂಗಾರ ತೂಗಿಸಿಕೊಂಡದ್ದು ಎಜ್ರನಲ್ಲಿದೆ. ಇಬ್ಬರೂ ಒಬ್ಬನೇ ಆಗಿದ್ದರೆ ಕಾಗದ ಎಲ್ಲೋ ಸಿಕ್ಕಿರಬೇಕು, ಅಲ್ವಾ?

ವಾರ ಸಿಕ್ಕಿದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ. ಒಂದೊಂದು ವರ್ಗದೊಳಗೆ ಮತ್ತೆ ನಾಲ್ಕರಿಂದ ಒಂಬತ್ತು ಮನೆಗಳು, ಅವು ವಾರದ ದಿನಗಳನ್ನು ಹಂಚಿಕೊಳ್ಳುತ್ತಿದ್ದವು. ಆ ದಿನದೊಳಗೆ ಮತ್ತೆ ಚೀಟಿ. ಹೀಗೆ ಕಡೆಗೆ ಒಬ್ಬನ ಕೈಗೆ ಬರುವುದು ಒಂದು ಸಲಿಕೆ ಬೂದಿ, ಇಲ್ಲವೇ ಕುರಿಯ ಒಂದು ಕಾಲು.

ಸೆರೆಯಿಂದ ವಾಪಸ್ ಬಂದವರು ಕಟ್ಟಿದ ಎರಡನೆಯ ದೇವಾಲಯದ ಆ ದಿನಚರಿಯನ್ನು ಮಿಷ್ನಾ ಬರೆದಿಟ್ಟಿದೆ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಯೆಹೂದಿ ಗುರುಗಳ ನಿಯಮಗಳು ಅವು. ಅದರಲ್ಲಿ ರಾತ್ರಿಯ ವಿವರ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನೈಟ್ ಡ್ಯೂಟಿ ಮಾಡಿದವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು ಅಲ್ಲಿವೆ.

ಯಾಜಕರು ಮೂರು ಕಡೆ ಕಾವಲು, ಲೇವಿಯರು 21 ಕಡೆ. ಯಾಜಕರ ದೊಡ್ಡ ಕೋಣೆಗೆ ಕಮಾನಿನ ಚಾವಣಿ, ಒಳಗೆ ಬೆಂಕಿ ಉರಿಯುತ್ತಿರುತ್ತದೆ. ಗೋಡೆಯ ಸುತ್ತ ಕಲ್ಲಿನ ಜಗಲಿ, ಹಿರಿಯರು ಅದರ ಮೇಲೆ ಮಲಗುತ್ತಾರೆ. ಹುಡುಗರು ನೆಲದ ಮೇಲೆ. ಸೇವೆಯ ಬಟ್ಟೆ ಹಾಕಿಕೊಂಡು ಮಲಗುವಂತಿಲ್ಲ. ಬಿಚ್ಚಿ, ಮಡಚಿ, ತಲೆದೆಸೆಯಲ್ಲಿ ಇಟ್ಟುಕೊಂಡು, ತಮ್ಮ ಮನೆಯ ಬಟ್ಟೆ ಹೊದ್ದುಕೊಳ್ಳುತ್ತಾರೆ. ನೆಲದಲ್ಲಿ ಮೊಳದಗಲದ ಒಂದು ಹಾಸುಗಲ್ಲು, ಅದಕ್ಕೊಂದು ಬಳೆ. ಎತ್ತಿದರೆ ಒಳಗೆ ಸರಪಳಿಯಲ್ಲಿ ಅಂಗಳದ ಬೀಗದಕೈಗಳು. ಬಾಗಿಲು ಹಾಕಿ ಬಂದವನು ಬೀಗದಕೈ ಅಲ್ಲಿಟ್ಟು, ಕಲ್ಲು ಮುಚ್ಚಿ, ಅದರ ಮೇಲೆ ಬಟ್ಟೆ ಹಾಸಿ ಅಲ್ಲೇ ಮಲಗುತ್ತಾನೆ. ಮಾರ್ಫಿನ್ ಇಡುವ ಕಪಾಟಿನ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾತ್ರಿಯಿಡೀ ಓಡಾಡಿದ ನನಗೆ ಆ ಮನುಷ್ಯನ ನಿದ್ದೆ ಎಂಥದ್ದು ಅಂತ ಯಾರೂ ಹೇಳಬೇಕಿಲ್ಲ.

ಹೊರಗೆ ಲೇವಿಯರ ಕಾವಲು. ಮೇಲ್ವಿಚಾರಕ ಪಂಜುಗಳನ್ನು ಹಿಡಿಸಿಕೊಂಡು ಒಂದೊಂದೇ ಜಾಗಕ್ಕೆ ಬರುತ್ತಾನೆ. ಎದ್ದು ನಿಂತು "ನಿಮಗೆ ಸಮಾಧಾನ" ಅನ್ನದಿದ್ದರೆ ಮಲಗಿದ್ದಾನೆ ಅಂತ ಲೆಕ್ಕ. ಕೋಲಿನಿಂದ ಹೊಡೆಯುತ್ತಾನೆ, ಬಟ್ಟೆಗೆ ಬೆಂಕಿ ಹಚ್ಚಲೂ ಅವನಿಗೆ ಅಧಿಕಾರವಿತ್ತು. ಗಲಾಟೆ ಕೇಳಿದವರು "ಅದೇನು ಅಂಗಳದಲ್ಲಿ ಸದ್ದು?" ಅನ್ನುತ್ತಿದ್ದರಂತೆ. "ಒಬ್ಬ ಲೇವಿಯ ಏಟು ತಿನ್ನುತ್ತಿದ್ದಾನೆ, ಬಟ್ಟೆ ಸುಡುತ್ತಿದೆ, ಕಾವಲಲ್ಲಿ ನಿದ್ದೆ ಮಾಡಿದನಂತೆ." ಎಲಿಯೇಜರ್ ಬೆನ್ ಯಾಕೋಬ್ ಅನ್ನುವ ಗುರು ಇಲ್ಲಿ ಒಂದು ಸಾಲು ಸೇರಿಸುತ್ತಾನೆ: ಒಮ್ಮೆ ನಮ್ಮ ಸೋದರಮಾವನೇ ಸಿಕ್ಕಿಬಿದ್ದ, ಅವನ ಬಟ್ಟೆ ಸುಟ್ಟರು. ಇಡೀ ಗ್ರಂಥದ ಗಾಂಭೀರ್ಯದ ನಡುವೆ ಈ ಸೋದರಮಾವ! ಆ ಮನೆಯಲ್ಲಿ ಎಷ್ಟು ವರ್ಷ ಈ ಕಥೆ ಹೇಳಿ ನಕ್ಕಿರಬಹುದು.

ಬೆಳಗಿನ ಮೊದಲ ಕೆಲಸ ಯಜ್ಞವೇದಿಯ ಬೂದಿ ತೆಗೆಯುವುದು. ಕಸ ಹೊಡೆಯುವ ಕೆಲಸ ಅನ್ನಿಸುತ್ತದೆ, ಆದರೆ ಇದಕ್ಕೇ ಪೈಪೋಟಿ. ಮೊದಲು ಓಟದ ಪಂದ್ಯ ಇತ್ತು. ವೇದಿಗೆ ಹತ್ತುವ ಇಳಿಜಾರಿನಲ್ಲಿ ಯಾರು ಮುಂದೆ ಓಡುತ್ತಾನೋ ಅವನಿಗೆ ಕೆಲಸ. ಒಂದು ದಿನ ಇಬ್ಬರು ಸಮಸಮ ಓಡಿದರು, ಒಬ್ಬ ಇನ್ನೊಬ್ಬನನ್ನು ತಳ್ಳಿದ, ಬಿದ್ದವನ ಕಾಲು ಮುರಿಯಿತು. ಆಮೇಲೆ ಅದನ್ನೂ ಚೀಟಿಗೆ ತಂದರು. ಇದು ಕಾಗದದ ಚೀಟಿಯಲ್ಲ, ಬೆರಳೆಣಿಕೆ. ಎಲ್ಲರೂ ಸುತ್ತ ನಿಂತು ಬೆರಳು ಚಾಚಬೇಕು. ಮೇಲ್ವಿಚಾರಕ ಒಬ್ಬನ ಮುಂಡಾಸು ಎತ್ತುತ್ತಾನೆ, ಎಣಿಕೆ ಅಲ್ಲಿಂದ ಶುರು. ಗುಂಪಿಗಿಂತ ದೊಡ್ಡದೊಂದು ಸಂಖ್ಯೆ ಹೇಳಿ ಸುತ್ತುತ್ತಾ ಬಂದರೆ, ಎಣಿಕೆ ನಿಂತ ಬೆರಳಿನವನು ಗೆದ್ದ. ಆಟಕ್ಕೆ ಮುಂಚೆ ಮಕ್ಕಳು ಕೈಯಿಟ್ಟು ಎಣಿಸುತ್ತಾರಲ್ಲ, ಹಾಗೇ. ಬೆರಳೇ ಯಾಕೆಂದರೆ ಇಸ್ರಾಯೇಲರನ್ನು ತಲೆ ಹಿಡಿದು ಎಣಿಸಬಾರದು.

ಗೆದ್ದವನು ಒಬ್ಬನೇ ಒಳಗೆ ಹೋಗುತ್ತಾನೆ. ಕೈಯಲ್ಲಿ ದೀಪವಿಲ್ಲ, ವೇದಿಯ ಬೆಂಕಿಯ ಬೆಳಕೇ ಬೆಳಕು. ಉಳಿದವರಿಗೆ ಅವನು ಕಾಣುವುದಿಲ್ಲ, ಸದ್ದೂ ಇಲ್ಲ. ಕೈಕಾಲು ತೊಳೆಯುವ ದೊಡ್ಡ ಪಾತ್ರೆಗೆ ಬೆನ್ ಕಾಟಿನ್ ಅನ್ನುವವನು ಮರದ ಒಂದು ಯಂತ್ರ ಮಾಡಿಸಿಟ್ಟಿದ್ದ. ಅದು ಕಿರ್ರೆಂದಾಗ ಕತ್ತಲಲ್ಲಿ ಕಾಯುತ್ತಿದ್ದವರು "ಹೊತ್ತಾಯಿತು" ಅನ್ನುತ್ತಿದ್ದರಂತೆ. ಅವನು ಬೆಳ್ಳಿಯ ಸಲಿಕೆ ತೆಗೆದುಕೊಂಡು ಮೇಲೆ ಹತ್ತಿ, ಕೆಂಡ ಆಚೀಚೆ ಸರಿಸಿ, ಒಳಗಿನ ಸುಟ್ಟ ಬೂದಿ ತುಂಬಿಕೊಂಡು ಇಳಿಯುತ್ತಾನೆ. ನಸುಕಿನಲ್ಲಿ ಕಾರಿಡಾರಿನ ಕೊನೆಯಲ್ಲಿ ಟ್ರಾಲಿಯ ಚಕ್ರ ಕಿರುಗುಟ್ಟಿತು ಅಂದರೆ ಡೇ ಡ್ಯೂಟಿಯವರು ಬಂದರು ಅಂತ ನಮಗೂ ಗೊತ್ತಾಗುತ್ತಿತ್ತು.

ದಿನಕ್ಕೆ ನಾಲ್ಕು ಸಲ ಹೀಗೆ ಎಣಿಕೆ. ಎರಡನೆಯದರಲ್ಲಿ 13 ಜನರಿಗೆ ಕೆಲಸ. ಕೊಯ್ಯುವವನು, ರಕ್ತ ಚಿಮುಕಿಸುವವನು, ದೀಪಸ್ತಂಭ ಶುಚಿ ಮಾಡುವವನು, ತಲೆ ಹೊರುವವನು, ಕಾಲು ಹೊರುವವನು, ಹೀಗೆ. ಮೂರನೆಯದು ಧೂಪಕ್ಕೆ. ಆಗ ಮೇಲ್ವಿಚಾರಕ ಕೂಗುತ್ತಿದ್ದದ್ದು, "ಧೂಪಕ್ಕೆ ಹೊಸಬರು ಮಾತ್ರ ಬನ್ನಿ!" ಒಮ್ಮೆ ಧೂಪ ಹಾಕಿದವನು ಮತ್ತೆ ಸಾಲಿಗೆ ನಿಲ್ಲುವಂತಿಲ್ಲ. ಬದುಕಿನಲ್ಲಿ ಒಂದೇ ಸಲ, ಅದೂ ಸಿಕ್ಕರೆ.

ಇದು ಗೊತ್ತಾದ ಮೇಲೆ ಲೂಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ನಾನು ಓದುವ ರೀತಿಯೇ ಬದಲಾಯಿತು. ಅಲ್ಲಿ ಬರುವ ಯಾಜಕ ಜಕರೀಯ ಅಬೀಯನ ವರ್ಗದವನು, ಪಟ್ಟಿಯಲ್ಲಿ ಎಂಟನೆಯದು. ವಯಸ್ಸಾಗಿದೆ. ಗುಡ್ಡಗಾಡಿನ ಊರಿಂದ ವರ್ಷಕ್ಕೆ ಎರಡು ಸಲ ಬರುತ್ತಾನೆ, ಬೆರಳು ಚಾಚುತ್ತಾನೆ, ಎಣಿಕೆ ಪಕ್ಕದವನ ಮೇಲೆ ನಿಲ್ಲುತ್ತದೆ, ಮನೆಗೆ ಹೋಗುತ್ತಾನೆ. ಎಷ್ಟು ವರ್ಷ ಹೀಗೆ? ಕಡೆಗೆ ಆ ದಿನ ಎಣಿಕೆ ಅವನ ಬೆರಳ ಮೇಲೆ ನಿಂತಿತು. ಒಳಗೆ ದೇವದೂತ, ಮಗು ಹುಟ್ಟುವ ಸುದ್ದಿ, ನಂಬದೆ ಮಾತು ಕಳೆದುಕೊಂಡದ್ದು, ಎಲ್ಲ ನಮಗೆ ಸಂಡೇ ಸ್ಕೂಲಿನಿಂದ ಗೊತ್ತು. ನನ್ನ ಕಣ್ಣು ನಿಂತದ್ದು ಆಮೇಲಿನ ಒಂದು ಸಣ್ಣ ಮಾತಿನ ಮೇಲೆ. ಸೇವೆಯ ದಿನಗಳು ಮುಗಿದ ಮೇಲೆ ಅವನು ಮನೆಗೆ ಹೋದ ಅಂತ ಲೂಕ ಬರೆಯುತ್ತಾನೆ. ಮುಗಿದ ಮೇಲೆ! ನಾಲಿಗೆ ಬಿದ್ದುಹೋಗಿದೆ, ಅಂಥದ್ದೊಂದು ಕಂಡು ಬಂದಿದ್ದಾನೆ, ಮನೆಯಲ್ಲಿ ಹೆಂಡತಿ ಎಲಿಸಬೇತಳಿಗೆ ಹೇಗಾದರೂ ತಿಳಿಸಬೇಕು. ಆದರೂ ವಾರ ಪೂರ್ತಿ ಮುಗಿಸಿಯೇ ಹೊರಟ. ನಾನಾಗಿದ್ದರೆ ಎಮರ್ಜೆನ್ಸಿ ಲೀವ್ ಬರೆದುಕೊಡುತ್ತಿದ್ದೆ.

ಅಂದಹಾಗೆ ಅಲ್ಲಿ ಒಬ್ಬ ವೈದ್ಯನೂ ಇದ್ದ. ದೇವಾಲಯದ ಅಧಿಕಾರಿಗಳ ಪಟ್ಟಿಯಲ್ಲಿ ಬೆನ್ ಅಹೀಯ ಅನ್ನುವವನ ಹೆಸರಿದೆ, ಅವನ ಜವಾಬ್ದಾರಿ ಹೊಟ್ಟೆನೋವು. ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತು, ಮಾಂಸ ತಿಂದು, ಮೇಲೆ ನೀರು ಕುಡಿಯುವ ಯಾಜಕರಿಗೆ ಹೊಟ್ಟೆ ಕೆಡದೆ ಇನ್ನೇನು? ಈ ಇಲಾಖೆಗೆ ಒಬ್ಬ ಖಾಯಂ ಮನುಷ್ಯ ಬೇಕಾಗಿತ್ತು ಅಂತ ಓದಿ ಜೋರಾಗಿ ನಕ್ಕೆ.

ನಗು ಬರದ ಒಂದು ವಿಷಯವೂ ಇದೆ. ಮೈಯಲ್ಲಿ ಊನ ಇದ್ದ ಯಾಜಕ, ಕುಂಟನೋ ಕುರುಡನೋ, ವೇದಿಯ ಹತ್ತಿರ ಬರಬಾರದು ಅಂತ ಯಾಜಕಕಾಂಡದ ಕಟ್ಟಳೆ. ಊಟದಲ್ಲಿ ಪಾಲು ಮಾತ್ರ ಉಂಟು. ಇವರು ಸರದಿ ವಾರದಲ್ಲಿ ಬಂದು ಏನು ಮಾಡುತ್ತಿದ್ದರು? ಹೆಂಗಸರ ಅಂಗಳದ ಮೂಲೆಯಲ್ಲಿ ಸೌದೆ ಕೋಣೆ ಇತ್ತು. ಅಲ್ಲಿ ಕೂತು ಸೌದೆ ಆರಿಸುತ್ತಿದ್ದರು. ಹುಳ ಹಿಡಿದ ಸೌದೆ ವೇದಿಗೆ ಹೋಗಬಾರದು. ಒಂದೊಂದು ಕಟ್ಟಿಗೆಯನ್ನೂ ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಡಬೇಕು. ಊನ ಇದೆ ಅಂತ ಹೊರಗಿಟ್ಟವರ ಕೈಗೆ ಊನ ಹುಡುಕುವ ಕೆಲಸ. ನನಗೆ ಇದು ಸರಿ ಕಾಣಲಿಲ್ಲ, ಇವತ್ತೂ ಕಾಣುವುದಿಲ್ಲ.

ಇನ್ನು ಹ್ಯಾಂಡ್‌ಓವರ್. ಸಬ್ಬತ್ತಿನ ಬೆಳಗಿನ ಬಲಿ ಹೊರಡುವವರದು, ಸಂಜೆಯದು ಬಂದವರದು. ಹೊರಡುವವರು ಬಂದವರಿಗೆ ಒಂದು ಆಶೀರ್ವಾದ ಹೇಳಬೇಕು: ಈ ಮನೆಯಲ್ಲಿ ತನ್ನ ಹೆಸರನ್ನು ನೆಲೆಗೊಳಿಸಿದವನು ನಿಮ್ಮ ನಡುವೆ ಪ್ರೀತಿ, ಸಹೋದರತನ, ಸಮಾಧಾನ, ಸ್ನೇಹ ನೆಲೆಗೊಳಿಸಲಿ. (ನಮ್ಮಲ್ಲಿ "ಬೆಡ್ ಆರಕ್ಕೆ ಡ್ರಿಪ್ ಮುಗೀತಾ ಬಂದಿದೆ, ನೋಡ್ಕೊಳ್ಳಿ" ಅಂತಿದ್ದೆವು. ಅದೂ ಒಂದು ಬಗೆಯ ಆಶೀರ್ವಾದವೇ.) ವಾರವಿಡೀ ಮೇಜಿನ ಮೇಲಿದ್ದ 12 ನೈವೇದ್ಯದ ರೊಟ್ಟಿಗಳನ್ನು ತೆಗೆದು ಹೊಸದು ಇಡುವುದೂ ಆಗಲೇ. ಹಳೆಯದರಲ್ಲಿ ಆರು ಬಂದವರಿಗೆ, ಆರು ಹೊರಡುವವರಿಗೆ. ಅಲ್ಲ, ಏಳು ಮತ್ತು ಐದು ಅನ್ನುತ್ತಾನೆ ಯೆಹೂದ ಅನ್ನುವ ಗುರು. ಬಂದವರಿಗೆ ಎರಡು ಹೆಚ್ಚು ಯಾಕೆ? ಬಾಗಿಲು ಹಾಕುವ ಕೂಲಿಯಂತೆ. ಹಂಚಿಕೊಳ್ಳುವ ಜಾಗಕ್ಕೂ ನಿಯಮ. ಬಂದವರು ಉತ್ತರದಲ್ಲಿ, ಹೊರಡುವವರು ದಕ್ಷಿಣದಲ್ಲಿ.

ಒಂದು ವರ್ಗ ಮಾತ್ರ ಬರಲಿ ಹೋಗಲಿ, ಯಾವಾಗಲೂ ದಕ್ಷಿಣದಲ್ಲೇ. ಅದು 15ನೆಯ ಬಿಲ್ಗನದು. ಅಂಗಳದ ನೆಲದಲ್ಲಿ ಬಲಿಯ ಪ್ರಾಣಿಯ ಕುತ್ತಿಗೆ ಸಿಕ್ಕಿಸಲು 24 ಬಳೆಗಳಿದ್ದವು, ವರ್ಗಕ್ಕೊಂದು. ಬಿಲ್ಗನ ಬಳೆಯನ್ನು ತೆರೆಯಲಾಗದಂತೆ ಬಿಗಿದಿದ್ದರು. ಸಾಮಾನು ಇಡುವ ಗೂಡನ್ನೂ ಮುಚ್ಚಿದ್ದರು. ಅಂದರೆ ತಮ್ಮ ವಾರದಲ್ಲೂ ಅವರು ಬೇರೆಯವರ ಬಳೆ ಕೇಳಿ ಕೆಲಸ ಮಾಡಬೇಕು. ಇದಕ್ಕೆ ತಾಲ್ಮುದ್, ಅಂದರೆ ಮಿಷ್ನಾದ ಮೇಲೆ ಗುರುಗಳು ನಡೆಸಿದ ಚರ್ಚೆಗಳ ಗ್ರಂಥ, ಎರಡು ಕಾರಣ ಕೊಡುತ್ತದೆ. ಆ ಮನೆಯ ಮಗಳು ಮಿರ್ಯಾಮ್ ಧರ್ಮ ಬಿಟ್ಟು ಗ್ರೀಕ್ ಸೈನಿಕನನ್ನು ಮದುವೆಯಾದಳು, ಗ್ರೀಕರು ದೇವಾಲಯಕ್ಕೆ ನುಗ್ಗಿದಾಗ ಚಪ್ಪಲಿಯಿಂದ ವೇದಿಗೆ ಹೊಡೆದು "ತೋಳವೇ, ತೋಳವೇ, ಎಷ್ಟು ದಿನ ನಮ್ಮವರ ಹಣ ನುಂಗುತ್ತೀ, ಕಷ್ಟಕ್ಕೆ ಮಾತ್ರ ಆಗುವುದಿಲ್ಲ" ಅಂದಳು ಅನ್ನುವುದು ಒಂದು. ಇನ್ನೊಂದು ಕಾರಣ ಇಷ್ಟೇ: ಬಿಲ್ಗನವರು ಡ್ಯೂಟಿಗೆ ತಡವಾಗಿ ಬಂದರು.

ಮೊದಲ ಕಥೆಯಲ್ಲಿ ನಾಟಕ ಇದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ನಂಬುವುದು ಎರಡನೆಯದನ್ನು. ಬಿಲ್ಗನ ಹಿಂದಿನ ಸರದಿ 14ನೆಯ ಯೆಷೆಬಾಬನದು. ಅವನವರು ವಾರ ಮುಗಿಸಿ ಗಂಟುಮೂಟೆ ಕಟ್ಟಿ ಕಾಯುತ್ತಿದ್ದಾರೆ, ರಿಲೀವರ್ ಬರಲೇ ಇಲ್ಲ. ಮತ್ತೆ ಬಟ್ಟೆ ಹಾಕಿಕೊಂಡು ವೇದಿಗೆ ಹತ್ತಿದರು. ಅವತ್ತಿನಿಂದ ಯೆಷೆಬಾಬನವರಿಗೆ ಯಾವಾಗಲೂ ಉತ್ತರದ ಪಾಲು. ರಾತ್ರಿಯಿಡೀ ನಿಂತು, ಬೆಳಿಗ್ಗೆ ಎಂಟಕ್ಕೆ ಬರಬೇಕಾದವಳು ಹತ್ತಾದರೂ ಬಾರದೆ, ಮನೆಯಲ್ಲಿ ಮಗುವಿಗೆ ಜ್ವರ ಅಂತ ಗೊತ್ತಿದ್ದೂ ಯೂನಿಫಾರಂ ಬಿಚ್ಚದೆ ಮತ್ತೆ ಬಿಪಿ ನೋಡಲು ಹೋದ ಬೆಳಗುಗಳು ನನಗೂ ಇವೆ. ನಮಗೆ ಯಾರೂ ಉತ್ತರದ ಪಾಲು ಕೊಡಲಿಲ್ಲ, ಬಿಡಿ.

ಶಿಫ್ಟ್ ಬದಲಾಗುವ ಹೊತ್ತಿನಲ್ಲೇ ಒಮ್ಮೆ ರಾಜ್ಯವೂ ಬದಲಾಗಿತ್ತು. ರಾಣಿ ಅತಲ್ಯ ರಾಜವಂಶವನ್ನೇ ಕೊಲ್ಲಿಸಿದಾಗ ಉಳಿದ ಕೂಸು ಯೋವಾಷನನ್ನು ದೇವಾಲಯದಲ್ಲಿ ಆರು ವರ್ಷ ಬಚ್ಚಿಟ್ಟಿದ್ದರು. ಯಾಜಕ ಯೆಹೋಯಾದ ಒಂದು ಸಬ್ಬತ್ತಿನ ದಿನ ಬಂದವರನ್ನು ಸೇರಿಸಿಕೊಂಡ, ಹೊರಡುವವರನ್ನು ಮನೆಗೆ ಕಳಿಸಲಿಲ್ಲ. ಒಂದೇ ಏಟಿಗೆ ಎರಡು ಪಾಳಿಯ ಜನ ಕೈಯಲ್ಲಿ, ಹೊರಗಿನವರಿಗೆ ಅನುಮಾನವೂ ಇಲ್ಲ. ಏಳು ವರ್ಷದ ಹುಡುಗನಿಗೆ ಕಿರೀಟ ಇಟ್ಟರು.

ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲೂ ಈ ಸರದಿಯ ಲೆಕ್ಕಗಳಿವೆ. ಆ ಸುರುಳಿಗಳವರದು 364 ದಿನದ ವರ್ಷ, ಸರಿಯಾಗಿ 52 ವಾರ. ಆರು ವರ್ಷಕ್ಕೆ 312 ವಾರ, 24 ವರ್ಗಕ್ಕೆ ಹಂಚಿದರೆ ತಲಾ 13 ಸಲ, ಒಂದು ವಾರವೂ ಮಿಗುವುದಿಲ್ಲ. ಚಾರ್ಟ್ ಬರೆದು ಗೊತ್ತಿರುವವರಿಗೆ ಈ ಲೆಕ್ಕ ಕೂಡಿಬಂದಾಗಿನ ಖುಷಿ ಅರ್ಥವಾಗುತ್ತದೆ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು. ಅವತ್ತು ಯಾರ ಸರದಿ ಅನ್ನುವುದನ್ನೂ ಪರಂಪರೆ ನೆನಪಿಟ್ಟುಕೊಂಡಿದೆ. ಪಟ್ಟಿಯ ಮೊದಲನೆಯವನು, ಯೆಹೋಯಾರೀಬ. ಯಾಜಕ ಮನೆತನಗಳು ಕಾಲಕ್ರಮೇಣ ಉತ್ತರಕ್ಕೆ, ಗಲಿಲಾಯದ ಹಳ್ಳಿಗಳಿಗೆ ಹೋದವು. ಅಲ್ಲಿ ವೇದಿ ಇಲ್ಲ, ಬೂದಿ ಇಲ್ಲ. ಆದರೂ ಸಭಾಮಂದಿರಗಳಲ್ಲಿ ಕಲ್ಲಿನ ಮೇಲೆ ಪಟ್ಟಿ ಕೆತ್ತಿಸಿದರು. ಎಷ್ಟನೆಯ ಸರದಿ, ಯಾವ ಮನೆತನ, ಈಗ ಯಾವ ಊರು. ಅಂಥ ಒಂದು ಪಟ್ಟಿ 1970ರಲ್ಲಿ ಯೆಮೆನಿನಲ್ಲಿ, ಸನಾ ಹತ್ತಿರದ ಹಳ್ಳಿಯೊಂದರ ಮಸೀದಿಯ ಕಂಬದ ಮೇಲೆ ಸಿಕ್ಕಿತು. ಯೆರೂಸಲೇಮಿನಿಂದ ಅಷ್ಟು ದೂರ ಆ ಡ್ಯೂಟಿ ಚಾರ್ಟ್ ಹೋಗಿ ಕೂತಿತ್ತು.

1962ರಲ್ಲಿ ಇಸ್ರೇಲಿನ ಕರಾವಳಿಯ ಹಳೇ ಪಟ್ಟಣ ಕೈಸರೈಯದ ಅಗೆತದಲ್ಲಿ ಸಿಕ್ಕದ್ದು ಅಂಥದ್ದೇ ಪಟ್ಟಿಯ ಒಡೆದ ತುಣುಕುಗಳು. ಅಂಗೈಯಗಲದ ಕಲ್ಲುಚೂರಿನಲ್ಲಿ ಉಳಿದಿರುವುದು ಕೆಲವೇ ಅಕ್ಷರ, ಅದರಲ್ಲಿ ಒಂದು ಊರಿನ ಹೆಸರು ಓದಲು ಬರುತ್ತದೆ: ನಜರೇತ್. ಯಾವ ಮನೆತನ ಆ ಊರಿಗೆ ಹೋಗಿತ್ತು ಅಂತ ನೋಡಿದೆ. 18ನೆಯ ಸರದಿ.

ತಮ್ಮನಿಗೆ ಫೋನ್ ಮಾಡಿದೆ. ಅವನಿಗೂ ಈಗ 60 ದಾಟಿದೆ. "ಹಪ್ಪಿಚ್ಚೇಚ ನೆನಪಿದ್ದಾನೇನೋ?" ಅಂದೆ.

ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಅದೇ ಕಿಸಕ್ಕನೆ ನಗು. "ಅಪ್ಪನ ಕೈಲಿ ಏಟು ತಿನ್ನಿಸಿದವನು ತಾನೇ ಅಕ್ಕಾ? ಈಗ ಎಲ್ಲಿದ್ದಾನೆ?"

"ನಜರೇತಿಗೆ ಟ್ರಾನ್ಸ್‌ಫರ್ ಆಗಿದೆ" ಅಂದೆ.